ಎಂಟು ಗಂಟೆಯ ರಿಯೊ, ಮಣ್ಣಿನಡಿಯ ಧಕ್ಕೆ

ಕುವೈತಿನಲ್ಲಿ ದುಡಿಯುವ ಕನ್ನಡಿಗನೊಬ್ಬ ಸಮುದ್ರಯಾನದ ರಜೆಗೆ ಹೊರಡಬೇಕಾದರೆ ಮೊದಲು ಬೇಕಾಗುವುದು ಮಾಲೀಕನ ಒಪ್ಪಿಗೆ. ಟಿಕೆಟ್ಟು, ವೀಸಾ, ಹಡಗಿನ ಕೋಣೆ ಎಲ್ಲವೂ ಆಮೇಲಿನ ಮಾತು. 2025ರ ಜುಲೈ 1ರಿಂದ ಖಾಸಗಿ ಕ್ಷೇತ್ರದ, ಅಂದರೆ 18ನೇ ವಿಧಿಯ ವೀಸಾದಲ್ಲಿರುವ ವಿದೇಶಿ ನೌಕರರು ದೇಶ ಬಿಡುವ ಮುನ್ನ ಮಾಲೀಕರು ಅನುಮೋದಿಸಿದ ನಿರ್ಗಮನ ಪರವಾನಗಿ ಹೊಂದಿರುವುದು ಕಡ್ಡಾಯವಾಗಿದೆ. ಅರ್ಜಿಯನ್ನು ಮೊಬೈಲಿನಲ್ಲೇ ಹಾಕಬಹುದು. ಆದರೂ ಇಪ್ಪತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದ ಎಂಜಿನಿಯರನಿಗೂ ಕಳೆದ ವರ್ಷ ಬಂದಿಳಿದ ಗಾರೆ ಕೆಲಸದವನಿಗೂ ಈ ವಿಷಯದಲ್ಲಿ ಭೇದವಿಲ್ಲ. ಇಬ್ಬರೂ ಗಡಿ ದಾಟಲು ಇನ್ನೊಬ್ಬರನ್ನು ಕೇಳಬೇಕು. ಈ ನಿಯಮ ಹುಟ್ಟಿಸುವ ಇರಿಸುಮುರಿಸು ಸಹಜವಾದುದು. ಅದನ್ನು ಮರೆಯದೆ ಹಡಗು ಹತ್ತುವುದು ಒಳ್ಳೆಯದು; ರಿಯೊ ಡಿ ಜನೈರೊದಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಗಲ್ಫ್ ಕನ್ನಡಿಗರ ಮಧ್ಯಮವರ್ಗಕ್ಕೆ ವಿಹಾರ ನೌಕೆಗಳು ಈಗ ಅಪರಿಚಿತವಲ್ಲ. ದುಬೈ, ಅಬುಧಾಬಿ, ದೋಹಾಗಳಿಂದ ಚಳಿಗಾಲದಲ್ಲಿ ಹೊರಡುವ ಹಡಗುಗಳಲ್ಲಿ ಒಂದು ವಾರ ಕಳೆದವರಿಗೆ ಮುಂದೆ ಮೆಡಿಟರೇನಿಯನ್, ಅದಕ್ಕೂ ಮುಂದೆ ದಕ್ಷಿಣ ಅಮೆರಿಕ ಕಾಣತೊಡಗುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಹಂಗಾಮು. ಬ್ಯೂನಸ್ ಐರಿಸ್, ಮೊಂಟೆವಿಡಿಯೊ, ಸಾಂಟೊಸ್, ರಿಯೊ ಎಂದು ಬಂದರುಗಳನ್ನು ಪೋಣಿಸಿದ ಯಾನಪಟ್ಟಿಗಳು ಸಿದ್ಧವಿರುತ್ತವೆ. ಸಾಲ್ಮಿಯಾದಿಂದ ಅಂಥ ಯಾನಕ್ಕೆ ಹೊರಟ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ: ತೈಲ ಕ್ಷೇತ್ರಕ್ಕೆ ಸೇವೆ ಒದಗಿಸುವ ಸಂಸ್ಥೆಯೊಂದರಲ್ಲಿ ಗಂಡ, ಶಾಲೆಯಲ್ಲಿ ಪಾಠ ಹೇಳುವ ಹೆಂಡತಿ, ಇಬ್ಬರು ಮಕ್ಕಳು. ವರ್ಷಗಟ್ಟಲೆ ಉಳಿಸಿದ ದಿನಾರುಗಳ ಪ್ರವಾಸ. ಮನೆಯಲ್ಲಿ ಗಿಡಗಳಿಗೆ ನೀರುಣಿಸಲು, ಬಾಗಿಲು ಕಾಯಲು ಕೆಲಸದ ಹೆಂಗಸು ಉಳಿದಿದ್ದಾಳೆ.

ಹಡಗು ಬೆಳಗಿನ ಜಾವ ಗ್ವಾನಬಾರ ಕೊಲ್ಲಿಯನ್ನು ಪ್ರವೇಶಿಸುವ ನೋಟಕ್ಕೆ ಸಾಟಿಯಿಲ್ಲ. ಎಡಗಡೆ ನೀರಿನಿಂದ ನೇರವಾಗಿ ಎದ್ದ 396 ಮೀಟರಿನ ಸಕ್ಕರೆಗುಡ್ಡ, ಅದರ ಹಿಂದೆ ಕೊರ್ಕೊವಾಡೊ ಬೆಟ್ಟದ ತುದಿಯಲ್ಲಿ 1931ರಿಂದ ಕೈಚಾಚಿ ನಿಂತಿರುವ ಕ್ರಿಸ್ತ. ಸುಮಾರು 62 ಲಕ್ಷ ಜನರ ಈ ನಗರಕ್ಕೆ ಪ್ರವಾಸಿಗೆ ದೊರೆಯುವುದು ಎಂಟು ಗಂಟೆ. ಹಡಗು ಬಿಡುವುದಕ್ಕೆ ಸಾಕಷ್ಟು ಮುಂಚೆ ಹಿಂತಿರುಗಬೇಕು. ತಡವಾದರೆ ಹಡಗು ಕಾಯುವುದಿಲ್ಲ. ಹೀಗಾಗಿ ಹಡಗಿನವರೇ ಮಾರುವ ಬಸ್ಸಿನ ಪ್ರವಾಸವೇ ಕ್ಷೇಮವೆನಿಸುತ್ತದೆ. ಬಸ್ಸು ಧಕ್ಕೆಯಿಂದಲೇ ಹೊರಡುತ್ತದೆ. ಕ್ರಿಸ್ತನ ಪಾದದ ಬಳಿ ಒಂದು ಗಂಟೆ, ಸಕ್ಕರೆಗುಡ್ಡದ ಕೇಬಲ್ ಕಾರಿಗೆ ಒಂದು ಗಂಟೆ, ಕೋಪಕಬಾನದಲ್ಲಿ ಎಳನೀರು, ಸುಟ್ಟ ಮಾಂಸದ ಊಟ, ಮತ್ತೆ ಹಡಗು. ರಾತ್ರಿ ಕುವೈತಿನ ಗೆಳೆಯರ ಮೊಬೈಲುಗಳಲ್ಲಿ ಚಿತ್ರಗಳು ತುಂಬಿಕೊಳ್ಳುತ್ತವೆ. ರಿಯೊ ನೋಡಿದ್ದಾಯಿತು.

ಇದರಲ್ಲಿ ತಪ್ಪು ಹುಡುಕುವುದು ಈ ಬರಹದ ಉದ್ದೇಶವಲ್ಲ. ದುಡಿದವರಿಗೆ ವಿಶ್ರಾಂತಿಯ ಹಕ್ಕಿದೆ. ಬೆಟ್ಟದ ಚೆಲುವು ಸುಳ್ಳಲ್ಲ. ವಿಚಿತ್ರವಾದುದು ಇನ್ನೊಂದಿದೆ. ಬಸ್ಸು ಹೊರಡುವ ಪಿಯೆರ್ ಮವಾ ಎಂಬ ಆ ಧಕ್ಕೆಯಿಂದ ಬಲಕ್ಕೆ ತಿರುಗಿ ಕಾಲು ಗಂಟೆ ನಡೆದರೆ ಸಿಗುವ ಒಂದು ಜಾಗಕ್ಕೆ ಟಿಕೆಟ್ಟು ಬೇಡ, ಬಸ್ಸು ಬೇಡ. ಅಮೆರಿಕ ಖಂಡಗಳ ಚರಿತ್ರೆಯಲ್ಲಿ ಅಷ್ಟು ಮುಖ್ಯವಾದ ಬಂದರು ಜಾಗಗಳು ಕೆಲವೇ. ಹಡಗಿನ ಪ್ರಯಾಣಿಕರಲ್ಲಿ ಹೆಚ್ಚಿನವರು ಅದಕ್ಕೆ ಬೆನ್ನು ಹಾಕಿಯೇ ಬಸ್ಸು ಹತ್ತುತ್ತಾರೆ.

ಅದರ ಹೆಸರು ವಲೊಂಗೊ. ರಸ್ತೆಯ ಮಟ್ಟಕ್ಕಿಂತ ಕೆಳಗೆ, ಕಂಬಿಗಳ ಆಚೆ, ಒರಟು ಕಲ್ಲು ಹಾಸಿದ ಒಂದು ತಗ್ಗು. ಕಣ್ಣಿಗೆ ಕಾಣುವುದು ಇಷ್ಟೇ. 1811ರಲ್ಲಿ ಕಟ್ಟಿದ ಈ ಧಕ್ಕೆಯ ಮೂಲಕ ದಕ್ಷಿಣ ಅಮೆರಿಕಕ್ಕೆ ಬಂದಿಳಿದ ಆಫ್ರಿಕನ್ ಗುಲಾಮರ ಸಂಖ್ಯೆ ಸುಮಾರು 9 ಲಕ್ಷವೆಂದು ಯುನೆಸ್ಕೊ ಅಂದಾಜು ಮಾಡುತ್ತದೆ. ಅಟ್ಲಾಂಟಿಕ್ ದಾಟಿಸಲ್ಪಟ್ಟು ಬದುಕುಳಿದ ಆಫ್ರಿಕನ್ನರಲ್ಲಿ ಹತ್ತಿರಹತ್ತಿರ ಶೇಕಡಾ 40ರಷ್ಟು ಮಂದಿ, ಅಂದರೆ ಸುಮಾರು 48 ಲಕ್ಷ ಜನ, ಬ್ರೆಜಿಲ್ ಒಂದರಲ್ಲೇ ಇಳಿದರು. ಕಬ್ಬಿನ ಗದ್ದೆ, ಚಿನ್ನದ ಗಣಿ, ಕಾಫಿ ತೋಟಗಳು ಅವರ ಮೈಮೇಲೆ ನಿಂತವು. ಗುಲಾಮಗಿರಿಯನ್ನು ಬ್ರೆಜಿಲ್ ಕೊನೆಗಾಣಿಸಿದ್ದು 1888ರ ಮೇ 13ರಂದು; ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ.

ವಲೊಂಗೊ ಅಲ್ಲಿಯೇ ಏಕೆ ಹುಟ್ಟಿತು ಎಂಬುದು ಗಮನಿಸಬೇಕಾದ ಸಂಗತಿ. ಅದಕ್ಕೂ ಮೊದಲು ಗುಲಾಮರನ್ನು ನಗರದ ಮುಖ್ಯ ಚೌಕದ ಬಳಿ, ವೈಸ್‌ರಾಯನ ಅರಮನೆಯೆದುರೇ ಇಳಿಸಲಾಗುತ್ತಿತ್ತು. ಬತ್ತಲೆ ಮೈ, ಹುಣ್ಣು, ಜ್ವರ, ಸಾವು ಎಲ್ಲವೂ ಗಣ್ಯರ ಕಣ್ಣಿಗೆ ಬೀಳುತ್ತಿತ್ತು. 1770ರ ದಶಕದಲ್ಲಿ ವೈಸ್‌ರಾಯ್ ಲಾವ್ರಾಡಿಯೊ ಈ ಮಾರುಕಟ್ಟೆಯನ್ನು ನಗರದ ಅಂಚಿನ ವಲೊಂಗೊಗೆ ಸಾಗಿಸಿದ. ವ್ಯಾಪಾರ ನಿಲ್ಲಲಿಲ್ಲ, ಕಣ್ಮರೆಯಾಯಿತು ಅಷ್ಟೆ. ಬರುವಾಗಲೇ ಸತ್ತವರಿಗೆ, ಮಾರಾಟವಾಗುವ ಮುನ್ನ ಸತ್ತವರಿಗೆ ಹತ್ತಿರದಲ್ಲೇ ಒಂದು ಗುಂಡಿ. ‘ಹೊಸ ಕರಿಯರ ಸ್ಮಶಾನ’ ಎಂದು ಅದರ ಹೆಸರು. ಆ ಸ್ಮಶಾನ ನಗರದ ನೆನಪಿನಿಂದ ಎಷ್ಟು ಚೆನ್ನಾಗಿ ಅಳಿಸಿಹೋಯಿತೆಂದರೆ, 1996ರಲ್ಲಿ ಒಂದು ಕುಟುಂಬ ಮನೆ ದುರಸ್ತಿಗೆಂದು ನೆಲ ಅಗೆಸಿದಾಗ ಮೂಳೆಗಳು ಮೇಲೆ ಬಂದ ಮೇಲೆಯೇ ಅದು ಎಲ್ಲಿತ್ತೆಂಬುದು ಮತ್ತೆ ತಿಳಿಯಿತು.

ಧಕ್ಕೆಯ ಕತೆಯೂ ಹಾಗೆಯೇ. 1831ರಲ್ಲಿ ಇಂಗ್ಲೆಂಡಿನ ಒತ್ತಾಯಕ್ಕೆ ಮಣಿದ ಬ್ರೆಜಿಲ್ ಗುಲಾಮರ ಆಮದನ್ನು ನಿಷೇಧಿಸುವ ಕಾನೂನು ಮಾಡಿತು. ಆಮದು ಮುಂದೆಯೂ ಬೇರೆ ತೀರಗಳಲ್ಲಿ ಕದ್ದುಮುಚ್ಚಿ ನಡೆಯಿತು. ಅದಕ್ಕೆ ನಿಜವಾದ ತಡೆ ಬಿದ್ದದ್ದು 1850ರ ಕಾನೂನಿನಿಂದ. 1843ರಲ್ಲಿ ಚಕ್ರವರ್ತಿಯ ವಧುವಾಗಿ ಯುರೋಪಿನಿಂದ ಬಂದ ತೆರೆಸಾ ಕ್ರಿಸ್ಟಿನಾಳ ಸ್ವಾಗತಕ್ಕೆಂದು ವಲೊಂಗೊದ ಕಲ್ಲುಗಳ ಮೇಲೆಯೇ ಹೊಸ, ನಯವಾದ ಧಕ್ಕೆ ಕಟ್ಟಲಾಯಿತು. ಮುಂದೆ 1911ರಲ್ಲಿ ನಗರ ಸುಧಾರಣೆಯ ಭರದಲ್ಲಿ ಅದೂ ಮಣ್ಣಿನಡಿಗೆ ಹೋಯಿತು. ಕಡಲನ್ನು ಹೂತು ನೆಲ ಮಾಡಿದ್ದರಿಂದ ಧಕ್ಕೆಯಿಂದ ನೀರೇ ದೂರ ಸರಿಯಿತು. 2011ರಲ್ಲಿ, ಒಲಿಂಪಿಕ್ಸ್‌ಗಾಗಿ ಬಂದರು ಪ್ರದೇಶವನ್ನು ಚೆಂದಗಾಣಿಸುವ ಕಾಮಗಾರಿ ನಡೆದಾಗ, ಪುರಾತತ್ವ ತಜ್ಞರ ಗುದ್ದಲಿಗೆ ಎರಡು ಧಕ್ಕೆಗಳೂ ಸಿಕ್ಕವು: ಮೇಲೆ ಮಹಾರಾಣಿಯದು, ಕೆಳಗೆ ಗುಲಾಮರದು. ಅವುಗಳ ನಡುವೆ ಕವಡೆ, ಗಾಜಿನ ಮಣಿ, ತಾಯಿತ, ಉಂಗುರಗಳು. ಒಡಲಿನ ಹೊರತು ಏನನ್ನೂ ತರಲು ಬಿಡದ ಪ್ರಯಾಣದಲ್ಲೂ, ಇಳಿದ ನೆಲದಲ್ಲೂ ಮನುಷ್ಯರು ಹೇಗೋ ಉಳಿಸಿಕೊಂಡ, ಮತ್ತೆ ಮಾಡಿಕೊಂಡ ಆಸ್ತಿ ಅದು. 2017ರಲ್ಲಿ ಯುನೆಸ್ಕೊ ವಲೊಂಗೊವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

1831ರ ಆ ಕಾನೂನಿನಿಂದ ಪೋರ್ಚುಗೀಸ್ ಭಾಷೆಗೆ ಒಂದು ನುಡಿಗಟ್ಟು ಬಂದಿತೆಂದು ಹೇಳುತ್ತಾರೆ: ‘ಇಂಗ್ಲಿಷರು ನೋಡಲೆಂದು’. ತೋರಿಕೆಗೆ ಮಾತ್ರ ಇರುವ ಯಾವುದೇ ವ್ಯವಸ್ಥೆಗೆ ಬ್ರೆಜಿಲ್ ಜನ ಇಂದಿಗೂ ಈ ಮಾತು ಬಳಸುತ್ತಾರೆ. ಎಂಟು ಗಂಟೆಯ ಪ್ರವಾಸವನ್ನು ಯೋಚಿಸುವಾಗ ಈ ಮಾತು ಕೈಗೆ ಬರುತ್ತದೆ. ಜಗತ್ತಿನ ಬಂದರು ನಗರಗಳೆಲ್ಲ ವಿಹಾರ ನೌಕೆಗೆಂದು ತಮ್ಮ ಒಂದು ಮುಖವನ್ನು ತೊಳೆದಿಟ್ಟಿರುತ್ತವೆ. ರಿಯೊದಲ್ಲಿ ಧಕ್ಕೆಯ ಎದುರೇ 2015ರಲ್ಲಿ ತೆರೆದ ಬಿಳಿಯ ‘ನಾಳೆಯ ವಸ್ತುಸಂಗ್ರಹಾಲಯ’ವಿದೆ. ಅದರ ಬೆನ್ನಿಗೆ, ಗುಡ್ಡದ ಮೇಲೆ, ಪ್ರೊವಿಡೆನ್ಸಿಯಾ ಇದೆ. ಕನುಡೋಸ್ ಯುದ್ಧದಲ್ಲಿ ಸರಕಾರಕ್ಕಾಗಿ ಹೋರಾಡಿ ಬಂದ ಸೈನಿಕರು 1897ರಲ್ಲಿ ನೆಲೆಯಿಲ್ಲದೆ ಗುಡಿಸಲು ಹಾಕಿಕೊಂಡ ಗುಡ್ಡ ಅದು. ‘ಫವೇಲಾ’ ಎಂಬ ಹೆಸರು ರಿಯೊದ ಬಡವರ ಬಡಾವಣೆಗಳಿಗೆ ಅಂಟಿಕೊಂಡದ್ದು ಅಲ್ಲಿಂದಲೇ. ನಾಳೆಗೆ ದಾರಿ ತೋರುವ ಫಲಕಗಳು ಅಲ್ಲಿ ದೊಡ್ಡವು. ನಿನ್ನೆಗೆ ದಾರಿಯನ್ನು ಕೇಳಿಕೊಂಡು ಹೋಗಬೇಕು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ರಜೆಯಲ್ಲಿ ಬಂದವನು ಕಂಡವರ ಪಾಪಕ್ಕೆ ಕಣ್ಣೀರು ಹಾಕಬೇಕೇ? ಕನ್ನಡಿಗನೇನು ಗುಲಾಮರನ್ನು ಮಾರಿದನೇ? ಆಕ್ಷೇಪ ನ್ಯಾಯವಾಗಿಯೇ ಇದೆ. ಪಶ್ಚಾತ್ತಾಪದ ಪ್ರವಾಸೋದ್ಯಮವೂ ಒಂದು ವ್ಯಾಪಾರವೇ. ಸ್ಮಶಾನದೆದುರು ಸೆಲ್ಫಿ ತೆಗೆದುಕೊಂಡವನು ಕೋಪಕಬಾನದಲ್ಲಿ ತೆಗೆದುಕೊಂಡವನಿಗಿಂತ ಮೇಲಿನವನೇನಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಕಣ್ಣೀರನ್ನಲ್ಲ, ನೋಟವನ್ನು. ಬಂದರೊಂದರಲ್ಲಿ ಯಾರು ಇಳಿದರು, ಯಾವ ಷರತ್ತಿನ ಮೇಲೆ ಇಳಿದರು, ರಾತ್ರಿ ಎಲ್ಲಿ ಮಲಗಿದರು, ಸತ್ತಾಗ ಎಲ್ಲಿ ಹೋದರು ಎಂಬ ಪ್ರಶ್ನೆಗಳನ್ನು ಕೇಳಲು ಕುವೈತಿನ ಕನ್ನಡಿಗನಿಗಿಂತ ತಕ್ಕವರು ಕಡಿಮೆ. ಏಕೆಂದರೆ ಅವನ ಬದುಕೇ ಒಂದು ಬಂದರಿನಲ್ಲಿ ನಡೆಯುತ್ತಿದೆ, ಮತ್ತು ಅವನ ಹಿಂದಿನ ತಲೆಮಾರು ಹಡಗಿನ ಡೆಕ್ಕಿನ ಮೇಲೆ ಪಯಣಿಸಿದ್ದು ಬೇರೆಯೇ ಅರ್ಥದಲ್ಲಿ.

ಇಂದು ವಿಹಾರ ನೌಕೆಯ ಡೆಕ್ ಎಂದರೆ ಈಜುಕೊಳ, ಆರಾಮಕುರ್ಚಿ. ವಿಮಾನ ಯಾನ ಸಾಮಾನ್ಯವಾಗುವ ಮುನ್ನ ಮುಂಬಯಿಯಿಂದ ಗಲ್ಫ್‌ಗೆ ಹೋಗುತ್ತಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ‘ಡೆಕ್ ಪ್ರಯಾಣಿಕ’ ಎಂದರೆ ಕೋಣೆಯಿಲ್ಲದವನು. ಚಾಪೆ ಹಾಸಿ, ಟ್ರಂಕಿಗೆ ತಲೆಯಿಟ್ಟು, ಕರಾಚಿ, ಮಸ್ಕತ್, ದುಬೈ, ಬಹರೈನ್ ಎಂದು ಬಂದರು ಬಂದರಿಗೆ ನಿಲ್ಲುತ್ತ ಹೋಗುವ ಪ್ರಯಾಣ. ಅದೂ ಒಂದು ಬಗೆಯ ಕ್ರೂಸೇ. ಆದರೆ ಪ್ರತಿ ನಿಲುಗಡೆಯಲ್ಲಿ ಪ್ರಯಾಣಿಕ ಕೇಳುತ್ತಿದ್ದುದು ಇಲ್ಲಿ ಕೆಲಸ ಇದೆಯೇ ಎಂದು. 1961ರ ಏಪ್ರಿಲ್ 8ರಂದು ದುಬೈ ಸಮೀಪದ ಕಡಲಿನಲ್ಲಿ ಅದೇ ಸಾಲಿನ ‘ದಾರಾ’ ಹಡಗು ಸ್ಫೋಟಗೊಂಡು 238 ಮಂದಿ ಸತ್ತರು. ಆ ಸಾಲಿನ ಕೊನೆಯ ಹಡಗು ‘ದ್ವಾರಕಾ’ ನಿಂತದ್ದು 1982ರಲ್ಲಿ. ಕರಾವಳಿಯಿಂದ ಮುಂಬಯಿಗೆ, ಮುಂಬಯಿಯಿಂದ ಕುವೈತಿಗೆ ಹೀಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದು ಬಾಲ್ಕನಿಯಿರುವ ಕೋಣೆ ಕಾಯ್ದಿರಿಸುತ್ತಾರೆ. ಹೆಮ್ಮೆಪಡಬೇಕಾದ ಏಳಿಗೆ ಅದು. ಡೆಕ್ಕಿನ ನೆನಪು ಅಳಿಯದಿದ್ದರೆ ಹೆಮ್ಮೆ ಇನ್ನೂ ಗಟ್ಟಿಯಾದೀತು.

ಕುವೈತಿಗೂ ತನ್ನದೇ ಹೂತ ಧಕ್ಕೆಗಳಿವೆ. ಎಣ್ಣೆ ಮೊದಲ ಬಾರಿಗೆ ರಫ್ತಾದದ್ದು 1946ರಲ್ಲಿ. ಅದಕ್ಕೂ ಮುಂಚೆ ಈ ಊರು ಬದುಕಿದ್ದು ಮುತ್ತಿನಿಂದ ಮತ್ತು ಹಾಯಿಹಡಗಿನಿಂದ. ಆ ಹಡಗುಗಳಿಗೆ ಬೇಕಾದ ಸಾಗುವಾನಿ ಬರುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. 1961ರವರೆಗೆ ಪೇಟೆಯಲ್ಲಿ ಓಡುತ್ತಿದ್ದುದು ರೂಪಾಯಿ. ಮುತ್ತಿಗಾಗಿ ಮುಳುಗುವವನಿಗೆ ನಖೋದಾ, ಅಂದರೆ ಹಡಗಿನ ನಾಯಕ, ಹಂಗಾಮಿಗೆ ಮೊದಲೇ ಮುಂಗಡ ಕೊಡುತ್ತಿದ್ದ. ಹಂಗಾಮು ಕೈಕೊಟ್ಟರೆ ಮುಂಗಡ ಸಾಲವಾಗುತ್ತಿತ್ತು, ತಂದೆ ಸತ್ತರೆ ಸಾಲ ಮಗನಿಗೆ ಇಳಿಯುತ್ತಿತ್ತು. ಪೂರ್ವ ಆಫ್ರಿಕಾದಿಂದ ತಂದ ಗುಲಾಮರೂ ಗಲ್ಫ್‌ನ ಮುತ್ತಿನ ಹಡಗುಗಳಲ್ಲಿ ಮುಳುಗುತ್ತಿದ್ದರು. ಇಂದಿನ ಕುವೈತಿ ಸಮಾಜದ ಹಿರಿಯರಲ್ಲೂ ಕಡಲಿನ ಸಾಲದಲ್ಲಿ ನವೆದವರ ಮಕ್ಕಳಿದ್ದಾರೆ ಎಂಬುದನ್ನು ಇಲ್ಲಿ ವಾಸಿಸುವವರು ಮರೆಯಬಾರದು. ಒಂದು ಜನಾಂಗ ಕ್ರೂರ, ಇನ್ನೊಂದು ಸಾಧು ಎಂಬ ಸುಲಭದ ಕತೆ ಯಾವ ಬಂದರಿಗೂ ಹೊಂದುವುದಿಲ್ಲ.

ಈಗ ಒಂದು ವಿಹಾರ ನೌಕೆ ಕುವೈತಿನ ಶುವೈಖ್ ಬಂದರಿನಲ್ಲಿ ಎಂಟು ಗಂಟೆ ನಿಂತಿತೆಂದು ಭಾವಿಸೋಣ. ಪ್ರವಾಸಿಗಳಿಗೆ ಏನು ತೋರಿಸುತ್ತಾರೆ? 1979ರಲ್ಲಿ ಜನರಿಗೆ ತೆರೆದ ನೀಲಿ ಗೋಳದ ಕುವೈತ್ ಗೋಪುರಗಳು, ಮುಬಾರಕಿಯಾ ಪೇಟೆ, ಮಹಾಮಸೀದಿ, ಮೈಲುಗಟ್ಟಲೆ ಉದ್ದದ ಮಾಲ್. ಜಲೀಬ್ ಅಲ್ ಶುಯೂಖ್ ತೋರಿಸುವುದಿಲ್ಲ. ಕುಟುಂಬಗಳ ಬಡಾವಣೆಗಳಲ್ಲಿ ‘ಬ್ಯಾಚುಲರ್’ ಕಾರ್ಮಿಕರು ಇರಕೂಡದೆಂಬ ನಿಯಮದಿಂದಾಗಿ ದೂರದಲ್ಲಿ ಒತ್ತೊತ್ತಾಗಿ ಬೆಳೆದ ವಸತಿಗಳನ್ನು ತೋರಿಸುವುದಿಲ್ಲ. ‘ಬ್ಯಾಚುಲರ್’ ಎಂಬ ಆ ಪದವೇ ಒಂದು ವಿಚಿತ್ರ: ಊರಿನಲ್ಲಿ ಹೆಂಡತಿ, ಮೂರು ಮಕ್ಕಳು, ವಯಸ್ಸಾದ ತಾಯಿ ಇರುವವನೂ ಸಂಬಳದ ಮಿತಿಯಿಂದಾಗಿ ಇಲ್ಲಿ ಅವಿವಾಹಿತ. 2024ರ ಜೂನ್ 12ರ ನಸುಕಿನಲ್ಲಿ ಮಂಗಾಫ್‌ನ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗ ಅದರೊಳಗೆ ನೂರೈವತ್ತಕ್ಕೂ ಹೆಚ್ಚು ಕಾರ್ಮಿಕರು ಮಲಗಿದ್ದರು. ಸತ್ತ ಸುಮಾರು 50 ಮಂದಿಯಲ್ಲಿ 45 ಮಂದಿ ಭಾರತೀಯರು. ಹೆಚ್ಚಿನವರು ಕೇರಳದವರು, ಕಲಬುರಗಿ ಜಿಲ್ಲೆಯ ಒಬ್ಬರೂ ಇದ್ದರು. ಎಷ್ಟು ಜನ ಒಂದು ಕೋಣೆಯಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆ ಅಂದು ಒಂದು ವಾರ ಎಲ್ಲರ ನಾಲಿಗೆಯ ಮೇಲಿತ್ತು. ಆಮೇಲೆ ಆ ಪ್ರಶ್ನೆಯೂ ನಗರದ ಅಂಚಿಗೆ ಸರಿಯಿತು.

ಎಚ್ಚರದ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಕಫಾಲಾ ವ್ಯವಸ್ಥೆಯೇ ಗುಲಾಮಗಿರಿ, ಜಲೀಬ್ ಎಂಬುದೇ ವಲೊಂಗೊ ಎಂದು ಕೂಗುವುದು ಪ್ರಗತಿಪರರಿಗೆ ಸುಲಭ. ಅದು ಸರಿಯಲ್ಲ. ವಲೊಂಗೊದಲ್ಲಿ ಇಳಿದವನು ಕಾನೂನಿನ ಕಣ್ಣಿನಲ್ಲಿ ವಸ್ತು. ಅವನ ಮಗು ಹುಟ್ಟುವ ಮೊದಲೇ ಇನ್ನೊಬ್ಬನ ಸ್ವತ್ತು. ಕುವೈತಿಗೆ ಬಂದವನು ಸಹಿ ಹಾಕಿ ಬಂದವನು, ಹಣ ಕಳಿಸಿ ಮನೆ ಕಟ್ಟಿಸಿದವನು, ತಂಗಿಯ ಮದುವೆ ಮಾಡಿದವನು, ಬೇಡವೆನಿಸಿದಾಗ ಕಷ್ಟಪಟ್ಟಾದರೂ ಹಿಂತಿರುಗಬಲ್ಲವನು. ಎರಡನ್ನೂ ಒಂದೇ ಮಾಡುವುದು ಸತ್ತ ಲಕ್ಷಾಂತರ ಆಫ್ರಿಕನ್ನರಿಗೂ ಅಗೌರವ, ಬದುಕಿರುವ ಕಾರ್ಮಿಕನ ಛಲಕ್ಕೂ ಅಗೌರವ. ಆದರೆ ಒಂದೇ ಅಲ್ಲ ಎಂದ ಮಾತ್ರಕ್ಕೆ ಸಂಬಂಧವೇ ಇಲ್ಲ ಎಂದೂ ಆಗುವುದಿಲ್ಲ. ಏಜೆಂಟನಿಗೆ ಕೊಟ್ಟ ಸಾಲದಿಂದ ಶುರುವಾಗುವ ಪ್ರಯಾಣ, ಇನ್ನೊಬ್ಬರ ಕಪಾಟಿನಲ್ಲಿರುವ ಪಾಸ್‌ಪೋರ್ಟು, ಕೆಲಸ ಬದಲಿಸಲು ಬೇಡಬೇಕಾದ ಅನುಮತಿ, ಕಣ್ಣಿಗೆ ಕಾಣದ ಕಡೆ ವಸತಿ, ಹೆಸರಿಲ್ಲದೆ ಸಂಖ್ಯೆಯಾಗುವ ಸಾವು: ದುಡಿಮೆ ಬೇಕು, ದುಡಿಯುವ ಮನುಷ್ಯ ಕಾಣಬಾರದು ಎಂಬ ಬಯಕೆಗೆ ದೀರ್ಘ ಚರಿತ್ರೆಯಿದೆ. ಲಾವ್ರಾಡಿಯೊ ಆ ಚರಿತ್ರೆಯ ಒಂದು ಪುಟ.

ಆ ಚರಿತ್ರೆ ಕನ್ನಡ ಕರಾವಳಿಯನ್ನೂ ಬಿಟ್ಟಿಲ್ಲ. ರಿಯೊವನ್ನು ಆಳಿದ ಪೋರ್ಚುಗೀಸ್ ಕಿರೀಟವೇ 1510ರಿಂದ ಗೋವೆಯನ್ನೂ ಆಳಿತು. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾಗಳ ಸಿದ್ದಿ ಸಮುದಾಯದಲ್ಲಿ ಬಾಳುತ್ತಿದೆ. ಅವರ ಮನೆಮಾತು ಕೊಂಕಣಿ, ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದ ಮೊದಲ ಪ್ರತಿನಿಧಿ ಶಾಸನಸಭೆಯೊಳಗೆ ಕಾಲಿಟ್ಟರು. ವಲೊಂಗೊದ ಕಲ್ಲಿನ ಮುಂದೆ ನಿಂತು ‘ಇದು ಬೇರೆಯವರ ಕತೆ’ ಎನ್ನುವ ಕನ್ನಡಿಗನಿಗೆ ಕನ್ನಡ ಮಾತಾಡುವ ಈ ಆಫ್ರಿಕನ್ ಮುಖಗಳ ನೆನಪಿಲ್ಲ ಎಂದರ್ಥ.

ವಿಹಾರ ನೌಕೆ ಮಂಗಳೂರಿಗೂ ಬರುತ್ತದೆ. ಪ್ರತಿ ಚಳಿಗಾಲ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗುಗಳಿಂದ ಇಳಿಯುವ ವಿದೇಶಿಯರನ್ನು ಚೆಂಡೆ, ಯಕ್ಷಗಾನದ ವೇಷಗಳು ಸ್ವಾಗತಿಸುತ್ತವೆ. ಬಸ್ಸುಗಳು ಕುದ್ರೋಳಿ, ಕದ್ರಿ, ಸಂತ ಅಲೋಶಿಯಸ್ ಚಾಪೆಲ್, ಪೇಟೆ ಸುತ್ತುತ್ತವೆ. ಗೇರುಬೀಜದ ಕಾರ್ಖಾನೆಯೂ ಆ ಪಟ್ಟಿಯಲ್ಲಿರುತ್ತದೆ. ಸಾಲಾಗಿ ಕುಳಿತು ಬೀಜ ಒಡೆಯುವ, ಸಿಪ್ಪೆ ಸುಲಿಯುವ ಹೆಂಗಸರ ಚಿತ್ರ ತೆಗೆದುಕೊಳ್ಳುತ್ತಾರೆ. ಸಿಪ್ಪೆಯ ಎಣ್ಣೆ ಬೆರಳುಗಳನ್ನು ಸುಟ್ಟು ಕಪ್ಪಾಗಿಸುತ್ತದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಆ ಗೇರು ಮೂಲತಃ ಬ್ರೆಜಿಲಿನದು, ಪೋರ್ಚುಗೀಸರು ತಂದದ್ದು. ‘ಕಾಜು’ ಎಂಬ ಮಾತೂ ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯಿಂದ ಬಂದದ್ದು. ಇಂದು ಮಂಗಳೂರಿನ ಕಾರ್ಖಾನೆಗಳು ಆಫ್ರಿಕಾದಿಂದ ಹಸಿ ಬೀಜ ತರಿಸಿಕೊಳ್ಳುತ್ತವೆ. ಹೀಗೆ ಅಟ್ಲಾಂಟಿಕ್ಕಿನ ಎರಡೂ ದಂಡೆಗಳು ತುಳುನಾಡಿನ ಹೆಂಗಸಿನ ಅಂಗೈಯಲ್ಲಿ ಕೂಡುತ್ತವೆ.

ಪ್ರವಾಸಿಗಳು ಇಳಿಯುವ ಆ ಧಕ್ಕೆ ಇರುವಲ್ಲಿಯೂ ಹಿಂದೆ ಊರಿತ್ತು. ಬಂದರಿಗಾಗಿ ಪಣಂಬೂರಿನ ಮನೆ, ಗದ್ದೆ, ತೆಂಗಿನ ತೋಟ ಬಿಟ್ಟೆದ್ದ ಕುಟುಂಬಗಳಿಗೆ ಕೃಷ್ಣಾಪುರ, ಕಾಟಿಪಳ್ಳಗಳಲ್ಲಿ ನಿವೇಶನ ಕೊಡಲಾಯಿತು. ಕುವೈತಿಗೆ, ಸೌದಿಗೆ, ದುಬೈಗೆ ಕರಾವಳಿಯಿಂದ ಹೊರಟ ಹುಡುಗರಲ್ಲಿ ಆ ಬಡಾವಣೆಗಳವರೂ ಇದ್ದಾರೆ. ಒಂದು ಬಂದರಿಗಾಗಿ ಒಕ್ಕಲೆದ್ದವರ ಮಕ್ಕಳು ಇನ್ನೊಂದು ಬಂದರಿನಲ್ಲಿ ಅಕಾಮ ನವೀಕರಿಸಿಕೊಂಡು ಬದುಕುತ್ತಿದ್ದಾರೆ. ಪಣಂಬೂರಿನಲ್ಲಿ ಇಳಿಯುವ ಜರ್ಮನ್ ಪ್ರವಾಸಿಗೆ ಈ ಕತೆಯನ್ನು ಯಾರೂ ಹೇಳುವುದಿಲ್ಲ. ರಿಯೊದಲ್ಲಿ ಇಳಿಯುವ ಕನ್ನಡ ಪ್ರವಾಸಿಗೆ ವಲೊಂಗೊದ ಕತೆಯನ್ನು ಹೇಳದಿರುವುದೂ ಅದೇ ರೂಢಿಯಿಂದ. ತನ್ನ ಊರಿನ ಕತೆ ಕಾಣೆಯಾದಾಗ ನೋವಾಗುವವನು ಇನ್ನೊಬ್ಬರ ಊರಿನಲ್ಲಿ ಕತೆ ಕೇಳುವ ಕಷ್ಟ ತೆಗೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ಮಾಡಬಹುದಾದದ್ದೇನು? ದೊಡ್ಡದೇನೂ ಬೇಡ. ರಿಯೊದಲ್ಲಿ ಇಳಿದ ದಿನ, ಬಸ್ಸಿನ ಪ್ರವಾಸಗಳಲ್ಲಿ ಒಂದನ್ನು ಬಿಟ್ಟು, ಎರಡು ಗಂಟೆ ಕಾಲ್ನಡಿಗೆಗೆ ಇಡಬಹುದು. ಆ ಭಾಗಕ್ಕೆ ‘ಪುಟ್ಟ ಆಫ್ರಿಕಾ’ ಎಂದೇ ಹೆಸರಿದೆ. ಸ್ಥಳೀಯರೇ ನಡೆಸುವ ನಡಿಗೆಗಳಿವೆ. ವಲೊಂಗೊ, ಸ್ಮಶಾನದ ಮೇಲೆ ನಿಂತ ಸ್ಮಾರಕ ಸಂಸ್ಥೆ, ಸಾಂಬಾ ಬೆಳೆದ ಪೆದ್ರ ದೊ ಸಾಲ್ ಬಂಡೆ, ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಅಲ್ಲಿ ನೋವೊಂದೇ ಇಲ್ಲ. 1910ರಲ್ಲಿ ಜೊಆವು ಕ್ಯಾಂಡಿಡೊ ಎಂಬ ಕಪ್ಪು ನಾವಿಕನ ಮುಂದಾಳತ್ವದಲ್ಲಿ ನೌಕಾಪಡೆಯ ಸಿಪಾಯಿಗಳು ಯುದ್ಧನೌಕೆಗಳನ್ನು ವಶಪಡಿಸಿಕೊಂಡು, ಗುಲಾಮಗಿರಿ ಕೊನೆಗೊಂಡು 22 ವರ್ಷವಾದರೂ ತಮಗೆ ಬೀಳುತ್ತಿದ್ದ ಚಾಟಿಯೇಟು ನಿಲ್ಲಬೇಕೆಂದು ಇದೇ ಕೊಲ್ಲಿಯಲ್ಲಿ ಫಿರಂಗಿ ತಿರುಗಿಸಿ ನಿಂತರು. ಇಂದು ವಿಹಾರ ನೌಕೆ ಹಾದುಬರುವ ನೀರು ಅದು. ಮಕ್ಕಳಿಗೆ ಕ್ರಿಸ್ತನ ಪ್ರತಿಮೆಯ ಎತ್ತರದ ಜೊತೆ ಈ ಹೆಸರನ್ನೂ ಹೇಳಿಕೊಟ್ಟರೆ ರಜೆಗೆ ನಷ್ಟವೇನಿಲ್ಲ.

ಆದರೆ ನಿಜವಾದ ಕೆಲಸ ಹಿಂತಿರುಗಿದ ಮೇಲಿನದು. ಕುವೈತಿನ ಕನ್ನಡ ಬಳಗಗಳಲ್ಲಿ ರಾಜ್ಯೋತ್ಸವಕ್ಕೆ, ಯುಗಾದಿಗೆ ಸಭಾಂಗಣ ತುಂಬುತ್ತದೆ. ಅಲ್ಲಿ ಮೊದಲ ಸಾಲುಗಳಲ್ಲಿ ಕಾಣುವವರು ಕುಟುಂಬವೀಸಾ ಪಡೆಯುವಷ್ಟು ಸಂಬಳ ಇರುವವರು. ಕಲಬುರಗಿ, ರಾಯಚೂರು, ಕರಾವಳಿಗಳಿಂದ ಬಂದ ಚಾಲಕ, ವೆಲ್ಡರ್, ಕ್ಲೀನರ್, ಮನೆಕೆಲಸದ ಹೆಂಗಸು ಆ ಸಭೆಗೆ ಬರಲು ರಜೆ, ವಾಹನ, ಕರೆ ಮೂರೂ ಬೇಕು. ಬೇಸಿಗೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವಿದೆ. ಅದನ್ನು ಮುರಿದರೆ ಎಲ್ಲಿ ದೂರಬೇಕೆಂದು ಕನ್ನಡದಲ್ಲಿ ಒಂದು ಪುಟ ಬರೆದು ಹಂಚುವುದು ಯಾವ ಬಳಗಕ್ಕೂ ಹೊರೆಯಾಗದ ಕೆಲಸ. ಸುಮಾರು 10 ಲಕ್ಷ ಭಾರತೀಯರಿರುವ ಈ ದೇಶದಲ್ಲಿ ಭಾಷೆಯ ಕೂಟಕ್ಕೆ ಅದಕ್ಕಿಂತ ಸಹಜವಾದ ಕೆಲಸ ಇನ್ನಾವುದಿದೆ?

ಇನ್ನು ಮನೆಯೊಳಗಿನ ಮಾತು. ಮನೆಕೆಲಸದವರಿಗಾಗಿ ಕುವೈತ್ 2015ರಲ್ಲಿ 68ನೇ ಸಂಖ್ಯೆಯ ಕಾನೂನು ತಂದಿತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ, ವರ್ಷಕ್ಕೊಮ್ಮೆ ಸಂಬಳಸಹಿತ ರಜೆ ಕೊಡಬೇಕು, ಆಕೆಯ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟು ಇಟ್ಟುಕೊಳ್ಳಬಾರದು ಎಂದು ಅದು ಹೇಳುತ್ತದೆ. ಗಲ್ಫ್‌ನಲ್ಲಿ ಇಂಥ ಕಾನೂನು ತಂದ ಮೊದಲಿಗರಲ್ಲಿ ಕುವೈತೂ ಒಂದು. ಅದು ‘ಇಂಗ್ಲಿಷರು ನೋಡಲೆಂದು’ ಮಾಡಿದ ಕಾನೂನಾಗಿ ಉಳಿಯುತ್ತದೆಯೋ ಇಲ್ಲವೋ ಎಂಬುದು ಅರಮನೆಯಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಸಾಲ್ಮಿಯಾದ, ಮೆಹಬೂಲಾದ, ಫಹಾಹೀಲ್‌ನ ಫ್ಲಾಟುಗಳಲ್ಲೂ ಆಗುತ್ತದೆ. ಅಲ್ಲಿ ಕನ್ನಡಿಗನೂ ಮಾಲೀಕ.

ಊಹಿಸಿಕೊಂಡ ಆ ಕುಟುಂಬ ಎರಡು ವಾರಗಳ ನಂತರ ಕುವೈತ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತದೆ. ಮನೆಯ ಬಾಗಿಲು ತೆರೆಯುವುದು ಕೆಲಸದ ಹೆಂಗಸು. ಗಿಡಗಳು ಹಸಿರಾಗಿವೆ, ಚಹಾ ಸಿದ್ಧವಿದೆ. ಗಂಡ ನಾಲ್ಕು ಪಾಸ್‌ಪೋರ್ಟುಗಳನ್ನು ಒಳಗಿಡಲು ಕಪಾಟು ತೆರೆಯುತ್ತಾನೆ. ಆ ಖಾನೆಯಲ್ಲಿ ಮೊದಲೇ ಒಂದು ಪಾಸ್‌ಪೋರ್ಟು ಇದೆ. ‘ಕಳೆದುಹೋದೀತು, ಭದ್ರವಾಗಿರಲಿ’ ಎಂದು ಮೂರು ವರ್ಷದ ಹಿಂದೆ ಈಸಿಕೊಂಡದ್ದು. ಹೊರಡುವ ಮುನ್ನ ನಿರ್ಗಮನ ಪರವಾನಗಿಗಾಗಿ ಮೊಬೈಲ್ ಹಿಡಿದು ಕಾದ ಮೂರು ದಿನಗಳ ಕಿರಿಕಿರಿ ಅವನಿಗೆ ನೆನಪಿದ್ದರೆ, ಆ ಐದನೆಯ ಪಾಸ್‌ಪೋರ್ಟನ್ನು ಹೊರತೆಗೆದು ಅದರ ಒಡತಿಯ ಕೈಗೆ ಕೊಡಲು ಚಹಾ ಆರುವಷ್ಟು ಹೊತ್ತೂ ಬೇಡ.